ಪಾಠ ಸಿದ್ಧವಿದೆ, ಹೇಳಿಕೊಡುವವರು ಬೇಕಾಗಿದ್ದಾರೆ

ಬ್ಯಾಂಕಿನಿಂದ ನಿವೃತ್ತರಾದವರು ಒಬ್ಬರೂ ಇಲ್ಲದ ಊರು ಕರ್ನಾಟಕದಲ್ಲಿ ಕಡಿಮೆ. ಮೂವತ್ತು ಮೂವತ್ತೈದು ವರ್ಷ ಕೌಂಟರಿನಲ್ಲಿ ಕೂತವರು, ಲೆಡ್ಜರ್ ಬರೆಯುತ್ತಿದ್ದ ಕಾಲದಿಂದ ಕಂಪ್ಯೂಟರ್ ಬಂದ ಕಾಲದವರೆಗೆ ಎಲ್ಲವನ್ನೂ ಕಂಡವರು. ಸಾಲ ಕೇಳಿಕೊಂಡು ಬಂದವರ ಮಾತು ಕೇಳುತ್ತಲೇ ಇವರಿಂದ ಕಂತು ಕಟ್ಟಲಾಗುತ್ತದೋ ಇಲ್ಲವೋ ಎಂದು ಅಂದಾಜು ಮಾಡಬಲ್ಲವರು. ಈ ಮನವಿ ಮೊದಲು ಅವರಿಗೆ. ಆಮೇಲೆ ಅಂಚೆ ಕಚೇರಿಯಲ್ಲಿ, ಸಹಕಾರ ಸಂಘದಲ್ಲಿ, ಖಜಾನೆಯಲ್ಲಿ ದುಡಿದವರಿಗೆ. ಗಣಿತದ ಮೇಷ್ಟರಿಗೆ, ಕಾಮರ್ಸ್ ಉಪನ್ಯಾಸಕರಿಗೆ. ಕೊನೆಗೆ, ಮನೆಯ ಲೆಕ್ಕವನ್ನು ಶಿಸ್ತಾಗಿ ಬರೆದಿಡುವ ಯಾರಿಗೇ ಆಗಲಿ.

ಕೇಳಿಕೊಳ್ಳುತ್ತಿರುವುದು ಇಷ್ಟೇ. ವಾರಕ್ಕೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ನಿಮ್ಮೂರಿನ ಹೈಸ್ಕೂಲು, ಪಿಯುಸಿ, ಡಿಗ್ರಿ ಓದುವ ಹತ್ತು ಹದಿನೈದು ಮಕ್ಕಳನ್ನು ಕೂರಿಸಿಕೊಂಡು ದುಡ್ಡಿನ ವಿಚಾರ ಮಾತಾಡಿ. ಬಡ್ಡಿ ಎಂದರೇನು, ಸಾಲದ ಕಾಗದದಲ್ಲಿ ಮೊದಲು ಏನನ್ನು ಓದಬೇಕು, ವಿಮೆ ಯಾತಕ್ಕೆ, ಫೋನಿಗೆ ಬಂದ ಲಿಂಕನ್ನು ಯಾಕೆ ಒತ್ತಬಾರದು, ಯಾವ ಕಾರಣಕ್ಕೂ ಯಾರಿಗೂ ಏನನ್ನು ಕೊಡಬಾರದು. ಪಠ್ಯವನ್ನು ನೀವು ಬರೆಯಬೇಕಾಗಿಲ್ಲ, ಅದು ಆಗಲೇ ತಯಾರಾಗಿದೆ. ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಬಹಳಷ್ಟು ಕನ್ನಡದಲ್ಲೇ ಇದೆ. ಅದನ್ನು ತೆರೆದು, ಪಕ್ಕದಲ್ಲಿ ಕೂತು, ಇದು ಹೀಗೆ ಎಂದು ಹೇಳುವ ಹಿರಿಯರು ಇಲ್ಲ. ಆ ಜಾಗವನ್ನು ನೀವು ತುಂಬಬೇಕು.

ಏನೇನಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಹಣಕಾಸು ಶಿಕ್ಷಣಕ್ಕೆಂದೇ ಒಂದು ವಿಭಾಗ ಇದೆ. ಅಲ್ಲಿ 'ಫೇಮ್' ಎಂಬ ಪುಸ್ತಿಕೆ ಸಿಗುತ್ತದೆ. ಉಳಿತಾಯ, ಸಾಲ, ನಾಮನಿರ್ದೇಶನ, ದೂರು ಕೊಡುವ ದಾರಿ, ಹೀಗೆ ಒಂದೊಂದು ವಿಷಯಕ್ಕೆ ಒಂದೊಂದು ಚಿತ್ರ, ನಾಲ್ಕೈದು ಸಾಲು. ಗೋಡೆಗೆ ಅಂಟಿಸಬಹುದಾದ ಭಿತ್ತಿಚಿತ್ರಗಳೂ ಇವೆ. ಚಿಕ್ಕ ಮಕ್ಕಳಿಗೆ ರಾಜು, ಮನಿ ಕುಮಾರ್ ಎಂಬ ಪಾತ್ರಗಳ ಚಿತ್ರಕಥೆಗಳು. 2022ರಲ್ಲಿ ಹೊರಬಂದ 'ರಾಜು ಮತ್ತು ನಲವತ್ತು ಕಳ್ಳರು' ಪುಸ್ತಕದಲ್ಲಿ ಆನ್‌ಲೈನ್ ವಂಚನೆಯ ನಲವತ್ತು ಬಗೆಗಳನ್ನು ನಲವತ್ತು ಪುಟ್ಟ ಕಥೆಗಳಾಗಿ ಚಿತ್ರ ಸಮೇತ ಕೊಟ್ಟಿದ್ದಾರೆ. ಯಾವ ಭಾಷೆಯ ಪ್ರತಿ ಕೈಗೆ ಸಿಕ್ಕರೂ ಚಿಂತೆಯಿಲ್ಲ. ಚಿತ್ರ ತೋರಿಸುತ್ತಾ ಕಥೆಯನ್ನು ನಿಮ್ಮೂರಿನ ಕನ್ನಡದಲ್ಲಿ ಹೇಳಿ, ಮಕ್ಕಳು ಕಣ್ಣು ಮಿಟುಕಿಸದೆ ಕೇಳುತ್ತಾರೆ.

ರಿಸರ್ವ್ ಬ್ಯಾಂಕ್, ಸೆಬಿ, ವಿಮಾ ನಿಯಂತ್ರಣ ಪ್ರಾಧಿಕಾರ, ಪಿಂಚಣಿ ನಿಧಿ ಪ್ರಾಧಿಕಾರ ಈ ನಾಲ್ಕೂ ಸೇರಿ ಕಟ್ಟಿದ ಸಂಸ್ಥೆ ರಾಷ್ಟ್ರೀಯ ಹಣಕಾಸು ಶಿಕ್ಷಣ ಕೇಂದ್ರ, ಎನ್‌ಸಿಎಫ್‌ಇ. ಸಿಬಿಎಸ್‌ಇ ಜೊತೆಗೂಡಿ 6ರಿಂದ 10ನೇ ತರಗತಿಯವರೆಗೆ ತರಗತಿಗೊಂದರಂತೆ ಅಭ್ಯಾಸ ಪುಸ್ತಕ ಮಾಡಿದ್ದಾರೆ. ದೊಡ್ಡವರಿಗೆ ಕೈಪಿಡಿ, ಕಾಸು ಕೊಡದೆ ಕಲಿಯಬಹುದಾದ ಇ-ಕೋರ್ಸ್, ಶಾಲಾ ಶಿಕ್ಷಕರಿಗೆ ತರಬೇತಿ ಕಾರ್ಯಕ್ರಮ, ಶಾಲಾ ಮಕ್ಕಳಿಗೆ ಹಣಕಾಸು ಸಾಕ್ಷರತೆಯ ಪರೀಕ್ಷೆ, ಇಷ್ಟೆಲ್ಲ ಅವರ ಬಳಿ ಇದೆ. ಷೇರು, ಮ್ಯೂಚುವಲ್ ಫಂಡ್ ವಿಚಾರಕ್ಕೆ ಬಂದರೆ ಸೆಬಿಯ 'ಸಾರಥಿ' ಆ್ಯಪ್ ಇದೆ, ಹೂಡಿಕೆದಾರರಿಗೆಂದೇ ನಡೆಸುವ ಪ್ರತ್ಯೇಕ ಜಾಲತಾಣ ಇದೆ, ಶುಲ್ಕವಿಲ್ಲದೆ ಬರೆಯಬಹುದಾದ ಪ್ರಮಾಣಪತ್ರ ಪರೀಕ್ಷೆ ಇದೆ. ಬೆಂಗಳೂರಿನ ಜೆರೋಧಾ ಸಂಸ್ಥೆಯ 'ವಾರ್ಸಿಟಿ' ಇಂಗ್ಲಿಷ್ ಬಲ್ಲ ಡಿಗ್ರಿ ಹುಡುಗರಿಗೆ ಬಹಳ ಒಳ್ಳೆಯದು, ವೈಯಕ್ತಿಕ ಹಣಕಾಸಿನ ಭಾಗವನ್ನಂತೂ ಬಿಡಿಸಿ ಬಿಡಿಸಿ ಬರೆದಿದ್ದಾರೆ. ಆದರೆ ಬರೆಸಿದವರು ಷೇರು ದಲ್ಲಾಳಿ ವ್ಯವಹಾರದಲ್ಲಿರುವವರು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿ ಆಮೇಲೆ ತೋರಿಸಿ. ಓದುವ ಮುಂಚೆ ಬರೆದವರು ಯಾರು, ಅವರ ಸಂಪಾದನೆ ಎಲ್ಲಿಂದ ಎಂದು ಕೇಳುವ ಅಭ್ಯಾಸವೂ ಪಾಠವೇ.

ಖಾನ್ ಅಕಾಡೆಮಿಯ ಹಣಕಾಸು ಪಾಠಗಳ ಹೆಸರನ್ನು ಬಹಳ ಜನ ಹೇಳುತ್ತಾರೆ. ವಿವರಣೆ ಸೊಗಸಾಗಿದೆ, ಅನುಮಾನವಿಲ್ಲ. ಅಲ್ಲಿ ಬರುವುದು ಮಾತ್ರ ಅಮೆರಿಕದ ತೆರಿಗೆ, ಅಲ್ಲಿನ ನಿವೃತ್ತಿ ಖಾತೆ, ಅಲ್ಲಿನ ಕಾಲೇಜು ಸಾಲ. ಚಕ್ರಬಡ್ಡಿ ಎಲ್ಲಿ ಹೋದರೂ ಒಂದೇ ಲೆಕ್ಕ, ಅಷ್ಟನ್ನು ತೆಗೆದುಕೊಂಡು ಉಳಿದದ್ದನ್ನು ಬಿಡಬಹುದು. ಅಮೆರಿಕದಿಂದ ನಾವು ಕಲಿಯಬೇಕಾದ್ದು ಬೇರೆಯೇ ಇದೆ. ಅಲ್ಲಿ 'ನೆಕ್ಸ್ಟ್ ಜೆನ್ ಪರ್ಸನಲ್ ಫೈನಾನ್ಸ್' ಎಂಬ ಲಾಭರಹಿತ ಸಂಸ್ಥೆ ಹೈಸ್ಕೂಲು ಶಿಕ್ಷಕರಿಗೆ ಪಾಠದ ಯೋಜನೆ, ಚಟುವಟಿಕೆ, ಪ್ರಶ್ನೆಪತ್ರಿಕೆ ಎಲ್ಲವನ್ನೂ ಉಚಿತವಾಗಿ ಕೊಡುತ್ತದೆ, ಶಿಕ್ಷಕರಿಗೇ ತರಬೇತಿಯನ್ನೂ ಕೊಡುತ್ತದೆ. ಮಕ್ಕಳನ್ನು ಮುಟ್ಟಬೇಕಾದರೆ ಮೊದಲು ಅವರ ಎದುರು ನಿಲ್ಲುವವರನ್ನು ತಯಾರು ಮಾಡಬೇಕು ಎಂಬುದನ್ನು ಅವರು ಅರ್ಥ ಮಾಡಿಕೊಂಡಿದ್ದಾರೆ.

ನಮ್ಮಲ್ಲಿ ಆಗುತ್ತಿರುವುದೇನು? ಯಾರೋ ಒಬ್ಬರು ಒಳ್ಳೆಯ ಪುಸ್ತಿಕೆಯ ಲಿಂಕನ್ನು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಹತ್ತು ಜನ ಕೈಮುಗಿಯುವ ಚಿತ್ರ ಹಾಕುತ್ತಾರೆ. ಸಂಜೆಯ ಹೊತ್ತಿಗೆ ಅದು ಹೋಂವರ್ಕು, ಶುಭಾಶಯಗಳ ಕೆಳಗೆ ಹೂತು ಹೋಗಿರುತ್ತದೆ. ಅದೇ ಶಾಲೆಯ ಮಗುವಿಗೆ ಐದು ನಿಮಿಷದಲ್ಲಿ ಸಾಲ ಕೊಡುತ್ತೇವೆ ಎನ್ನುವ ಜಾಹೀರಾತು ದಿನಕ್ಕೆ ಹತ್ತಾರು ಸಲ ಕಾಣುತ್ತದೆ, ಅದೂ ಚೊಕ್ಕ ಕನ್ನಡದಲ್ಲಿ, ಹಾಡು ಕುಣಿತದೊಂದಿಗೆ. ಎನ್‌ಸಿಎಫ್‌ಇ 2019ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಹಣಕಾಸು ಸಾಕ್ಷರರು ಶೇ 27 ಮಾತ್ರ. ಅಂದರೆ ನೂರು ಮನೆಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಕಡೆ ಮಗು ಕೇಳಿದ ಪ್ರಶ್ನೆಗೆ ಅಪ್ಪ ಅಮ್ಮನ ಬಳಿ ಉತ್ತರ ಇರುವುದಿಲ್ಲ ಎಂದುಕೊಂಡರೂ ತಪ್ಪಾಗಲಾರದು. ಪಿಡಿಎಫ್ ಕಳಿಸಿ ಆ ಕೊರತೆ ತುಂಬಲಾಗುವುದಿಲ್ಲ.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ಬಡ್ಡಿಯ ಪಾಠ. ಸರಳ ಬಡ್ಡಿ, ಚಕ್ರಬಡ್ಡಿ ಎರಡೂ ಶಾಲೆಯ ಗಣಿತದಲ್ಲಿ ಬಂದಿರುತ್ತವೆ, ಸೂತ್ರ ಬಾಯಿಪಾಠ ಆಗಿರುತ್ತದೆ. ಬೋರ್ಡಿನ ಮೇಲೆ ಎರಡು ಸಾಲು ಬರೆಯಿರಿ. ಬ್ಯಾಂಕಿನವರು ಕೇಳುವುದು 11, ಊರಿನ ಲೇವಾದೇವಿಯವರು ಕೇಳುವುದು 3. ಯಾರ ಹತ್ತಿರ ಸಾಲ ಮಾಡುತ್ತೀರಿ? ಬಹಳಷ್ಟು ಕೈಗಳು ಮೂರರ ಕಡೆಗೆ ಎದ್ದರೆ ಅಚ್ಚರಿಪಡಬೇಡಿ. ಬ್ಯಾಂಕಿನದು ವರ್ಷದ ಲೆಕ್ಕ, ಊರಿನವರದು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂಬ ಲೆಕ್ಕ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಮೂರನ್ನು ಹನ್ನೆರಡರಿಂದ ಗುಣಿಸಿ 36 ಎಂದು ಬರೆದಾಗ ತರಗತಿಯಲ್ಲಿ ಒಂದು ಸದ್ದು ಏಳುತ್ತದೆ. ಕೆಲವು ಮಕ್ಕಳು ಸುಮ್ಮನಾಗಿಬಿಡುತ್ತಾರೆ. ಅವರ ಮನೆಯಲ್ಲಿ ಆ ಸಾಲ ಇರುತ್ತದೆ.

ಅಲ್ಲಿಗೇ ಬಿಡಬೇಡಿ, ಇನ್ನೊಂದು ಲೆಕ್ಕ ಹಾಕಿಸಿ. ಬೈಕಿಗೋ ಫೋನಿಗೋ ಒಂದು ಲಕ್ಷ ಸಾಲ, ಎರಡು ವರ್ಷದ ಅವಧಿ, ವರ್ಷಕ್ಕೆ ಶೇ 12ರ ಫ್ಲಾಟ್ ಬಡ್ಡಿ. ಬಡ್ಡಿ 24,000 ಆಯಿತು. ಒಟ್ಟು 1,24,000ವನ್ನು ಇಪ್ಪತ್ನಾಲ್ಕು ತಿಂಗಳಿಗೆ ಹಂಚಿದರೆ ಕಂತು 5,167 ರೂಪಾಯಿ. ಈಗ ಮಕ್ಕಳನ್ನು ಕೇಳಿ: ಒಂದು ವರ್ಷ ಕಂತು ಕಟ್ಟಿಯಾದ ಮೇಲೆ ಅಸಲಿನಲ್ಲಿ ಅರ್ಧದಷ್ಟು ತೀರಿತಲ್ಲ, ಎರಡನೇ ವರ್ಷ ಬಡ್ಡಿ ಯಾವ ಮೊತ್ತಕ್ಕೆ ಹಾಕಿದ್ದಾರೆ? ಇಡೀ ಲಕ್ಷಕ್ಕೇ ಹಾಕಿದ್ದಾರೆ. ಬಾಕಿ ಉಳಿದ ಅಸಲಿಗೆ ಮಾತ್ರ ಅದೇ ಶೇ 12 ಬಡ್ಡಿ ಹಾಕಿದ್ದರೆ ಕಂತು ಸುಮಾರು 4,707 ಆಗುತ್ತಿತ್ತು, ಎರಡು ವರ್ಷದ ಬಡ್ಡಿ 13,000ದ ಒಳಗೇ ಮುಗಿಯುತ್ತಿತ್ತು. ಫ್ಲಾಟ್ ಲೆಕ್ಕದ ಹನ್ನೆರಡು ಎಂದರೆ ನಿಜವಾಗಿ ಇಪ್ಪತ್ತೊಂದೂವರೆಯ ಆಸುಪಾಸು. ಇದನ್ನು ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ಕ್ಯಾಲ್ಕುಲೇಟರ್ ಹಿಡಿದು ತಾನೇ ಕಂಡುಕೊಂಡರೆ ಮುಂದೆ ಅವಳ ಮನೆಯಲ್ಲಿ ಯಾರೂ ಕಂತಿನ ಮೊತ್ತವಷ್ಟನ್ನೇ ಕೇಳಿ ಸಹಿ ಹಾಕುವುದಿಲ್ಲ.

ಆ ಪಾಠದ ಜೊತೆಗೇ ಕಾನೂನು ಕೊಟ್ಟಿರುವ ಒಂದು ಹಿಡಿತವನ್ನೂ ತಿಳಿಸಿ. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲ ಕೊಡುವ ಬ್ಯಾಂಕು, ಫೈನಾನ್ಸ್ ಕಂಪನಿಗಳು ಸಾಲಗಾರರಿಗೆ 'ಮುಖ್ಯಾಂಶ ಪತ್ರ' ಕೊಡಲೇಬೇಕು. ಬಡ್ಡಿ, ಶುಲ್ಕ, ವಿಮೆ ಎಲ್ಲ ಸೇರಿ ವರ್ಷಕ್ಕೆ ಒಟ್ಟು ಎಷ್ಟು ಶೇಕಡ ಬೀಳುತ್ತದೆ ಎಂಬುದು ಅದರಲ್ಲಿರಬೇಕು, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳುವ ಹಕ್ಕು ನಮಗಿದೆ. ಇದು ಎಷ್ಟು ಮನೆಗಳಿಗೆ ಗೊತ್ತು? ಮೈಕ್ರೋ ಫೈನಾನ್ಸ್ ವಸೂಲಿಯ ಕಿರುಕುಳ ತಾಳದೆ ಜನ ಊರು ಬಿಟ್ಟ ಸುದ್ದಿಗಳು ಬಂದ ಮೇಲೆ, 2025ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಬಂದಿದ್ದು ಒಳ್ಳೆಯದೇ. ಸಹಿ ಹಾಕುವ ಮೊದಲೇ ಲೆಕ್ಕ ಕೇಳಬಲ್ಲ ಒಬ್ಬ ಮಗನೋ ಮಗಳೋ ಮನೆಯಲ್ಲಿದ್ದರೆ ಅದರ ಬಲ ಬೇರೆ.

ಆ್ಯಪ್ ಸಾಲದ ಲೆಕ್ಕ ಇನ್ನೂ ಚಿಕ್ಕದು. ಐದು ಸಾವಿರಕ್ಕೆ ಒಪ್ಪಿಗೆ ಒತ್ತಿದರೆ ಶುಲ್ಕ ಮುರಿದುಕೊಂಡು ಮೂರೂವರೆ ಸಾವಿರ ಖಾತೆಗೆ ಬರುತ್ತದೆ, ಏಳನೇ ದಿನಕ್ಕೆ ಐದು ಸಾವಿರ ಕಟ್ಟಬೇಕು ಎನ್ನುತ್ತಾರೆ ಎಂದುಕೊಳ್ಳಿ. ಮೂರೂವರೆ ಸಾವಿರಕ್ಕೆ ವಾರದಲ್ಲಿ ಒಂದೂವರೆ ಸಾವಿರ, ಅಂದರೆ ಶೇ 43ರ ಹತ್ತಿರ, ಅದೂ ಒಂದೇ ವಾರಕ್ಕೆ. ಕಟ್ಟದಿದ್ದರೆ ಫೋನಿನಲ್ಲಿರುವ ನಂಬರುಗಳಿಗೆಲ್ಲ ಕರೆ ಹೋಗುತ್ತದೆ, ತಿರುಚಿದ ಫೋಟೋಗಳು ಹೋಗುತ್ತವೆ. ನಿಯಮಕ್ಕೆ ಒಳಪಟ್ಟ ಸಾಲದ ಆ್ಯಪ್‌ಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2025ರಿಂದ ತನ್ನ ಜಾಲತಾಣದಲ್ಲೇ ಹಾಕಿದೆ. ಅದನ್ನು ತೆರೆದು ಒಂದು ಹೆಸರು ಹುಡುಕುವುದು ಹೇಗೆಂದು ಮಕ್ಕಳ ಕೈಯಿಂದಲೇ ಮಾಡಿಸಿ. ಐದು ನಿಮಿಷದ ಕೆಲಸ.

ಇನ್ನೊಂದು ಪಾಠವನ್ನು ಕಾಲೇಜು ಹುಡುಗರಿಗೆ, ಅದರಲ್ಲೂ ಹಾಸ್ಟೆಲಿನಲ್ಲಿರುವವರಿಗೆ, ತಡಮಾಡದೆ ಹೇಳಬೇಕಾಗಿದೆ. 'ನಿನ್ನ ಅಕೌಂಟು ಸುಮ್ಮನೆ ಬಿದ್ದಿದೆಯಲ್ಲ, ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಕೊಡು, ದುಡ್ಡು ಬಂದ ಹಾಗೆ ಕಮಿಷನ್ ಕೊಡುತ್ತೇನೆ' ಎಂದು ಪರಿಚಯದವರ ಪರಿಚಯದವರು ಬಂದು ಕೇಳುತ್ತಾರೆ. ಹುಡುಗನಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ತನ್ನ ದುಡ್ಡು ಹೋಗಲಿಲ್ಲ, ತಾನು ಯಾರಿಗೂ ಮೋಸ ಮಾಡಲಿಲ್ಲ. ಆದರೆ ಆ ಖಾತೆಗೆ ಬರುವುದು ಎಲ್ಲೋ ಒಬ್ಬ ನಿವೃತ್ತ ಶಿಕ್ಷಕಿಯಿಂದ ದೋಚಿದ ಹಣ. ಪೊಲೀಸರಿಗೆ ಮೊದಲು ಸಿಗುವುದು ಖಾತೆಯ ಮೇಲಿರುವ ಹೆಸರು, ಅದು ಈ ಹುಡುಗನದು. ಖಾತೆ ಸ್ಥಗಿತವಾಗುತ್ತದೆ, ಸ್ಕಾಲರ್‌ಶಿಪ್ ಬರುವುದೂ ಅದೇ ಖಾತೆಗೆ. ಕೇಸು ಬಿದ್ದರೆ ಮುಂದೆ ಕೆಲಸಕ್ಕೆ ಪೊಲೀಸ್ ಪರಿಶೀಲನೆಯ ಹೊತ್ತಿನಲ್ಲಿ ಎದ್ದು ನಿಲ್ಲುತ್ತದೆ. ಇಂಥ ಬಾಡಿಗೆ ಖಾತೆಗಳನ್ನು ಪತ್ತೆ ಮಾಡಲೆಂದೇ ರಿಸರ್ವ್ ಬ್ಯಾಂಕಿನ ಬೆಂಗಳೂರಿನ ಇನ್ನೋವೇಶನ್ ಹಬ್ 'ಮ್ಯೂಲ್‌ಹಂಟರ್' ಎಂಬ ತಂತ್ರಾಂಶ ತಯಾರಿಸಿದೆ, ಪಿಡುಗು ಅಷ್ಟು ಹಬ್ಬಿದೆ. ಮ್ಯಾನೇಜರ್ ಆಗಿದ್ದವರು ಈ ಮಾತನ್ನು ಎದುರು ಕೂತು ಹೇಳಿದರೆ ನಾಟುವಷ್ಟು ಯಾವ ವಿಡಿಯೊ ನೋಡಿದರೂ ನಾಟುವುದಿಲ್ಲ.

ಮೋಸದ ಪಾಠಕ್ಕೆ ಬೇಕಾದ ಮಿಕ್ಕ ಮಾತುಗಳು ಕಡಿಮೆ, ಆದರೆ ಪ್ರತಿ ವಾರವೂ ಹೇಳಬೇಕು. ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ, ಪಿನ್ ಒತ್ತಿದರೆ ಹೋಗುವುದೇ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂದು ವಾಟ್ಸಾಪಿಗೆ ಬಂದ ಎಪಿಕೆ ಫೈಲನ್ನು ತೆರೆಯಬಾರದು. ಹಣ ಹೋಯಿತು ಎಂದು ಗೊತ್ತಾದ ಕ್ಷಣವೇ 1930ಕ್ಕೆ ಕರೆ ಮಾಡಬೇಕು, ಅಪ್ಪ ಬೈಯುತ್ತಾರೆಂದು ಒಂದು ರಾತ್ರಿ ಮುಚ್ಚಿಟ್ಟರೆ ಹಣ ನಾಲ್ಕು ಖಾತೆ ದಾಟಿರುತ್ತದೆ. ಈ ಕೊನೆಯ ಮಾತನ್ನು ತಂದೆ ತಾಯಂದಿರಿಗೂ ಹೇಳುತ್ತಿದ್ದೇನೆ. ಮಗು ದುಡ್ಡು ಕಳೆದುಕೊಂಡೆ ಎಂದು ಬಂದಾಗ ಮೊದಲು ಫೋನ್ ಎತ್ತಿಕೊಳ್ಳಿ, ಬೈಗುಳ ಆಮೇಲೆ ಇರಲಿ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಪಿಂಚಣಿ ಬಂತಾ, ಅಮ್ಮನ ಗೃಹಲಕ್ಷ್ಮಿ ಬಂತಾ ಎಂದು ಮೆಸೇಜು ಓದಿ ಹೇಳುವುದು ಎಂಟನೇ ಕ್ಲಾಸಿನ ಮಗುವೇ. ಆ ಒಬ್ಬ ಮಗುವಿಗೆ ಕಲಿಸಿದರೆ ಮೂರು ತಲೆಮಾರಿನ ಹಣಕ್ಕೆ ಕಾವಲು ಸಿಕ್ಕಿತು.

ಷೇರು ಮಾರುಕಟ್ಟೆಯ ಪಾಠವನ್ನು ಕೊನೆಗಿಡಿ ಎಂದು ನನ್ನ ಒತ್ತಾಯ. ಹುಡುಗರು ಮೊದಲ ವಾರವೇ ಕೇಳುವುದು ಅದನ್ನೇ. ಹೇಳಲೇಬೇಕಾಗಿ ಬಂದರೆ ಸೆಬಿಯ ಲೆಕ್ಕದಿಂದಲೇ ಶುರು ಮಾಡಿ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಬಿಡಿ ಹೂಡಿಕೆದಾರರು ಒಂದು ಕೋಟಿಗೂ ಹೆಚ್ಚು. ಅವರಲ್ಲಿ ಶೇ 93 ಮಂದಿ ಕಳೆದುಕೊಂಡವರು. ಸರಾಸರಿ ತಲಾ ಎರಡು ಲಕ್ಷ ರೂಪಾಯಿ, ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ. ಮೂವತ್ತು ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ ಶೇ 43ಕ್ಕೆ ಏರಿತ್ತು. ಕಂಪನಿಯೊಂದರ ಷೇರು ಕೊಂಡು ಹತ್ತು ವರ್ಷ ಇಟ್ಟುಕೊಳ್ಳುವುದಕ್ಕೂ, ವಾರದ ಕೊನೆಯೊಳಗೆ ಸೂಚ್ಯಂಕ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವುದಕ್ಕೂ ಇರುವ ಅಂತರ ತಿಳಿಯದೆ ಇಳಿದ ಹುಡುಗರು ಇವರಲ್ಲಿ ಎಷ್ಟು ಜನವೋ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ಆಟ ನಿಂತರೂ ಆಡುವ ಚಟ ಬೇರೆ ಬಾಗಿಲು ಹುಡುಕುತ್ತದೆ, ಟೆಲಿಗ್ರಾಂ ಗುಂಪಿನ ಟಿಪ್ಸ್ ಅಂಥದ್ದೊಂದು ಬಾಗಿಲು.

ನಿವೃತ್ತ ಬ್ಯಾಂಕ್ ನೌಕರರನ್ನೇ ಮೊದಲು ಕರೆದದ್ದಕ್ಕೆ ಕಾರಣವಿದೆ. ಹಣಕಾಸಿನ ತಿಳಿವನ್ನು ಮನೆಬಾಗಿಲಿಗೆ ಕೊಂಡೊಯ್ಯುವುದು ಈ ನಾಡಿಗೆ ಹೊಸತಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಮರುವರ್ಷವೇ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ನೆಟ್ಟರು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಶುರು ಮಾಡಿದರು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಸಾಕು, ನೀವು ಬ್ಯಾಂಕಿಗೆ ಬರುವುದು ಬೇಡ, ನಮ್ಮವರೇ ಮನೆಗೆ ಬಂದು ತೆಗೆದುಕೊಂಡು ಹೋಗುತ್ತಾರೆ ಎಂಬ ಏರ್ಪಾಡು. ಹೂ ಮಾರುವವರು, ನೇಕಾರರು, ಮೀನುಗಾರರು ಪುಡಿಗಾಸು ಕೂಡಿಸಿ ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು ಹಾಗೆ. ಪಿಗ್ಮಿ ಏಜೆಂಟರು ದಿನಾ ಸಂಜೆ ಅಂಗಡಿ ಮುಂದೆ ನಿಂತು ಪುಸ್ತಕದಲ್ಲಿ ಬರೆದುಕೊಟ್ಟದ್ದು ಹಣದ ಲೆಕ್ಕವನ್ನಷ್ಟೇ ಅಲ್ಲ, ಉಳಿಸುವ ರೂಢಿಯನ್ನೂ.

ಈ ನಾಡಿನಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಹಲವು ಈಗ ಹೆಸರಿಗೂ ಉಳಿದಿಲ್ಲ. 2017ರಲ್ಲಿ ಮೈಸೂರು ಬ್ಯಾಂಕ್, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬೇರೆ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಫಲಕ ಇಳಿದಾಗ ಅಲ್ಲಿ ದುಡಿದವರಿಗೆ ಆದ ಸಂಕಟ ಎಲ್ಲರಿಗೂ ಗೊತ್ತಿರುವುದೇ. ಆದರೆ ಅಲ್ಲಿ ಕಲಿತ ಕೆಲಸ ನಿಮ್ಮ ಕೈಯಲ್ಲೇ ಇದೆ. ಜಾಮೀನು ಹಾಕಿದವರ ಪಾಡು ಏನಾಗುತ್ತದೆ, ನಾಮಿನಿ ಹೆಸರಿಲ್ಲದ ಠೇವಣಿಗೆ ಮನೆಯವರು ಎಷ್ಟು ಅಲೆಯುತ್ತಾರೆ, ಹೆಚ್ಚು ಬಡ್ಡಿಯ ಆಸೆಗೆ ಎಫ್‌ಡಿ ಮುರಿದು ಹೋದವರು ಹೇಗೆ ವಾಪಸ್ ಬಂದರು, ಇವೆಲ್ಲ ಯಾವ ಪುಸ್ತಿಕೆಯಲ್ಲೂ ಇಷ್ಟು ಜೀವಂತವಾಗಿ ಇಲ್ಲ. ಬೆಂಗಳೂರಿನಲ್ಲಿ 2019ರಲ್ಲಿ ಐಎಂಎ ಎಂಬ ಹೂಡಿಕೆ ಕಂಪನಿ ಮುಳುಗಿದಾಗ ದೂರು ಕೊಡಲು ಹತ್ತಾರು ಸಾವಿರ ಜನ ಸಾಲು ನಿಂತರು. ತಿಂಗಳಿಗೆ ಇಷ್ಟು ಲಾಭ ಖಂಡಿತ ಎನ್ನುವವರನ್ನು ಏನೇನು ಕೇಳಬೇಕು ಎಂದು ಅವರ ಮಕ್ಕಳಿಗೆ ಯಾರಾದರೂ ಒಂದು ಗಂಟೆ ಹೇಳಿಕೊಟ್ಟಿದ್ದರೆ ಆ ಸಾಲು ಸ್ವಲ್ಪವಾದರೂ ಚಿಕ್ಕದಾಗುತ್ತಿತ್ತು ಎಂದು ನಾನು ನಂಬುತ್ತೇನೆ. ಹೆಸರು ನೋಂದಣಿಯಾಗಿದೆಯೇ ಎಂದು ಪರೀಕ್ಷಿಸಲು, ಅಕ್ರಮ ಠೇವಣಿ ಸಂಗ್ರಹದ ಬಗ್ಗೆ ದೂರು ಕೊಡಲು ರಿಸರ್ವ್ ಬ್ಯಾಂಕಿನ 'ಸಚೇತ್' ತಾಣ 2016ರಿಂದಲೇ ಇದೆ. ತೋರಿಸುವವರು ಇಲ್ಲ.

ಜಾಗ ಎಲ್ಲಿ ಎನ್ನುತ್ತೀರಾ? ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ರಾಜ್ಯದಲ್ಲಿ 5,500ಕ್ಕೂ ಹೆಚ್ಚಿವೆ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಅವುಗಳ ರೂಪವೇ ಬದಲಾಯಿತು, ಈಗ ಅವು ಅರಿವು ಕೇಂದ್ರಗಳು. ಬಹಳ ಕಡೆ ಕಂಪ್ಯೂಟರ್ ಇದೆ, ಟಿವಿ ಇದೆ, ಇಂಟರ್‌ನೆಟ್ ಇದೆ. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವವೂ ಉಚಿತ. ಅಲ್ಲಿನ ಮೇಲ್ವಿಚಾರಕರು ಕಡಿಮೆ ಸಂಬಳಕ್ಕೆ ಬಹಳ ಪ್ರೀತಿಯಿಂದ ದುಡಿಯುವವರು. ಊರಿನ ಹಿರಿಯರೊಬ್ಬರು ಬಂದು ಮಕ್ಕಳಿಗೆ ಏನಾದರೂ ಹೇಳಿಕೊಡುತ್ತೇನೆ ಎಂದರೆ ಬೇಡ ಎನ್ನುವುದಿಲ್ಲ. ಶಾಲೆಗಳಲ್ಲಿ ಬ್ಯಾಗ್ ಇಲ್ಲದ 'ಸಂಭ್ರಮ ಶನಿವಾರ' ಇದೆ. ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿವೆ, ಸಂಜೆ ಏಳರಿಂದ ಎಂಟರವರೆಗೆ ಮಕ್ಕಳು ಅಲ್ಲೇ ಇರುತ್ತಾರೆ. ಎನ್‌ಎಸ್‌ಎಸ್ ಶಿಬಿರಗಳಲ್ಲಿ ಬೌದ್ಧಿಕ ಕಾರ್ಯಕ್ರಮಕ್ಕೆ ಉಪನ್ಯಾಸಕರನ್ನು ಹುಡುಕುತ್ತಲೇ ಇರುತ್ತಾರೆ. ನಿಮ್ಮ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಕಚೇರಿಗೆ ಒಮ್ಮೆ ಹೋಗಿ, ಆರ್ಥಿಕ ಸಾಕ್ಷರತಾ ಕೇಂದ್ರದ ಆಪ್ತ ಸಮಾಲೋಚಕರು ಪರಿಚಯವಾಗುತ್ತಾರೆ, ಅಚ್ಚಾದ ಪುಸ್ತಿಕೆಗಳು ಅಲ್ಲಿ ಸಿಕ್ಕರೂ ಸಿಗಬಹುದು.

ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಬೇರೆ ಮಾತಿದೆ. ನೀವು ನಡೆಸುವ ಮಕ್ಕಳ ಸಂತೆ, ಮೆಟ್ರಿಕ್ ಮೇಳಕ್ಕಿಂತ ಒಳ್ಳೆಯ ಹಣಕಾಸು ಪಾಠ ನಾನು ಎಲ್ಲೂ ಕಂಡಿಲ್ಲ. ಹಿತ್ತಲಿನ ಕರಿಬೇವು, ಮನೆಯಲ್ಲಿ ಹುರಿದ ಶೇಂಗಾ ತಂದು ಗೋಣಿಚೀಲದ ಮೇಲೆ ಹರಡಿ, 'ಹತ್ತು ರೂಪಾಯಿಗೆ ಎರಡು ಕಟ್ಟು' ಎಂದು ಕೂಗುವ ನಾಲ್ಕನೇ ಕ್ಲಾಸಿನ ಹುಡುಗಿ ಚಿಲ್ಲರೆ ಎಣಿಸುವುದನ್ನು ನೋಡಬೇಕು. ಆದರೆ ಸಂತೆ ಮುಗಿದು ಫೋಟೋ ತೆಗೆಸಿಕೊಂಡರೆ ಪಾಠ ಅಲ್ಲಿಗೇ ನಿಂತುಬಿಡುತ್ತದೆ. ಮಾರನೆಯ ದಿನ ಅರ್ಧ ಗಂಟೆ ಕೊಡಿ. ಶೇಂಗಾ ಕೊಂಡದ್ದೆಷ್ಟಕ್ಕೆ, ಗ್ಯಾಸು ಎಷ್ಟು ಸುಟ್ಟಿತು, ಅಮ್ಮನ ದುಡಿಮೆಗೆ ಬೆಲೆ ಕಟ್ಟಿದೆಯಾ, ಉಳಿದ ಮಾಲಿನ ಗತಿ ಏನು, ಕೈಗೆ ಬಂದ ಹಣದಲ್ಲಿ ಲಾಭ ಎಷ್ಟು ಎಂದು ಅವರ ಕೈಯಲ್ಲೇ ಬರೆಸಿ. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಲು ಅಂಚೆ ಕಚೇರಿಯಲ್ಲಿ ಅವಕಾಶವಿದೆ. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕ್ 2025ರಲ್ಲಿ ಅದೇ ಸೂಚನೆ ಕೊಟ್ಟಿದೆ. ಸಂತೆಯ ಲಾಭದಿಂದ ಖಾತೆ ತೆರೆದ ಮಗು ಪಾಸ್‌ಬುಕ್ ಓದುವುದನ್ನು ತಾನಾಗಿ ಕಲಿಯುತ್ತದೆ.

ಕೂತು ಹೇಳಿಕೊಡಲು ಹೊರಡುವವರಲ್ಲಿ ಎರಡು ಕೋರಿಕೆಗಳಿವೆ, ಇವುಗಳಲ್ಲಿ ರಾಜಿ ಬೇಡ. ಮೊದಲನೆಯದು, ಆ ಕೋಣೆಯಲ್ಲಿ ಏನನ್ನೂ ಮಾರಬೇಡಿ. ನೀವು ವಿಮಾ ಏಜೆಂಟರಾಗಿರಬಹುದು, ಮ್ಯೂಚುವಲ್ ಫಂಡ್ ವಿತರಕರಾಗಿರಬಹುದು, ನಿಮ್ಮ ಅನುಭವ ಬೇಕೇ ಬೇಕು. ಆದರೆ ಪಾಲಿಸಿಯ ಹೆಸರು, ಕಂಪನಿಯ ಹೆಸರು, 'ನಿಮ್ಮ ತಂದೆ ನಂಬರ್ ಕೊಡಿ' ಎನ್ನುವ ಮಾತು ಅಲ್ಲಿ ಬರಕೂಡದು. ಯಾವ ಷೇರು ಕೊಳ್ಳಲಿ ಎಂದು ಕೇಳಿದರೆ ಉತ್ತರ ಕೊಡಬೇಡಿ. ಮಕ್ಕಳ ಖಾತೆ ಸಂಖ್ಯೆ, ಆಧಾರ್, ಒಟಿಪಿ ಯಾವುದನ್ನೂ ಪಾಠದ ನೆಪದಲ್ಲೂ ಕೇಳಬೇಡಿ. ಉದಾಹರಣೆಗೆ ಬೇಕಾದರೆ ನಿಮ್ಮದೇ ಹಳೆಯ ಪಾಸ್‌ಬುಕ್ಕಿನ ಜೆರಾಕ್ಸ್ ಮಾಡಿಸಿ, ಸಂಖ್ಯೆ ಅಳಿಸಿ ತನ್ನಿ. ಮೇಲ್ವಿಚಾರಕರೋ ಶಿಕ್ಷಕರೋ ವಾರ್ಡನ್ನೋ ಒಬ್ಬರು ಜೊತೆಗಿರುವಾಗಲೇ ಪಾಠ ನಡೆಯಲಿ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಹಾಸಿಗೆಯೇ ಸಾಲದ ಮನೆಯಿಂದ ಬಂದ ಮಗುವಿಗೆ ಆ ಮಾತು ಬೈಗುಳದಂತೆ ಕೇಳುತ್ತದೆ. ಅಪ್ಪ ಆಸ್ಪತ್ರೆ ಖರ್ಚಿಗೆ ನೂರಕ್ಕೆ ಐದರ ಬಡ್ಡಿಗೆ ತಂದಿರುತ್ತಾರೆ, ಅಮ್ಮ ಸಂಘದ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ತೆಗೆದಿರುತ್ತಾರೆ. ಅವರು ಲೆಕ್ಕ ಬಾರದೆ ಹಾಗೆ ಮಾಡಿದವರಲ್ಲ, ಬೇರೆ ದಾರಿ ಇರಲಿಲ್ಲ. ಕಡಿಮೆ ಕೂಲಿಯನ್ನು, ಮಳೆ ಕೈಕೊಟ್ಟ ಬೆಳೆ ನಷ್ಟವನ್ನು ಹಣಕಾಸು ಪಾಠ ಸರಿಮಾಡುವುದಿಲ್ಲ. ಹಾಗಾಗಿ 'ನಿಮ್ಮ ಮನೆಯಲ್ಲಿ ಎಷ್ಟು ಸಾಲ ಇದೆ' ಎಂದು ಎಲ್ಲರೆದುರು ಯಾವ ಮಗುವನ್ನೂ ಕೇಳಬೇಡಿ. ಕಾಲ್ಪನಿಕ ಕುಟುಂಬ ಒಂದನ್ನು ಬೋರ್ಡಿನ ಮೇಲೆ ಬರೆಯಿರಿ, ಅದರ ತಿಂಗಳ ಖರ್ಚಿನ ಲೆಕ್ಕ ಹಾಕಿಸಿ. ಸರ್ಕಾರಿ ವಿಮೆ, ವಿದ್ಯಾರ್ಥಿವೇತನ, ಬೆಳೆ ವಿಮೆ, ಬ್ಯಾಂಕ್ ಓಂಬುಡ್ಸ್‌ಮನ್, ಹೀಗೆ ಬಡವರ ಹಕ್ಕಿನದು ಏನೇನಿದೆ ಎಂಬುದಕ್ಕೆ ಉಳಿತಾಯದ ಉಪದೇಶಕ್ಕಿಂತ ಹೆಚ್ಚು ಹೊತ್ತು ಕೊಡಿ. ಬ್ಯಾಂಕ್ ಮುಳುಗಿದರೂ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ವಿಮೆ ಇದೆ ಎಂಬುದು 2020ರಿಂದ ಇರುವ ನಿಯಮ. ಅದನ್ನೂ ಹೇಳಿ.

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಸಾಫ್ಟ್‌ವೇರ್, ಹಣಕಾಸು ಕೆಲಸದಲ್ಲಿರುವ ಕನ್ನಡಿಗರೇ, ನೀವು ಊರಿಗೆ ಬಂದು ಕೂರಲಾರಿರಿ, ಸರಿ. ಇಂಗ್ಲಿಷ್ ಹಿಂದಿಯಲ್ಲಷ್ಟೇ ಸರಿಯಾಗಿ ಸಿಗುವ ಪಾಠಗಳಿಗೆ ಕನ್ನಡದ ಧ್ವನಿ ಕೊಡಿ. ಹತ್ತು ನಿಮಿಷದ ಒಂದೊಂದು ಧ್ವನಿಮುದ್ರಿಕೆ ಸಾಕು, ಕಲಬುರಗಿಯ ಮಗುವಿಗೂ ಪುತ್ತೂರಿನ ಮಗುವಿಗೂ ತಿಳಿಯುವ ಮಾತಿನಲ್ಲಿ. ಯಾರು ಬೇಕಾದರೂ ಬಳಸಬಹುದು ಎಂಬ ಮುಕ್ತ ಪರವಾನಗಿಯಡಿ ಹಾಕಿ. ಪಾಠಪುಸ್ತಕಗಳ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವ ದೀಕ್ಷಾ ವೇದಿಕೆ 2017ರಿಂದ ಇದೆ. ಗಣಿತದ ಬಡ್ಡಿ ಅಧ್ಯಾಯದ ಕೆಳಗೆ ಮುಖ್ಯಾಂಶ ಪತ್ರ ಓದುವ ಬಗೆಯೂ ಅದರಲ್ಲಿ ಬರಲಿ ಎಂದು ಶಿಕ್ಷಣ ಇಲಾಖೆಯನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ.

ಒಪ್ಪಿಗೆಯಾದರೆ ಮೊದಲ ಹೆಜ್ಜೆ ಹೀಗಿರಲಿ. ಬರುವ ಶನಿವಾರ ಅರಿವು ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಜೊತೆ ಮಾತಾಡಿ, ದಿನ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ. ಮನೆಗೆ ಬಂದು ಕನ್ನಡದ 'ಫೇಮ್' ಪುಸ್ತಿಕೆ ಇಳಿಸಿಕೊಂಡು ಪೂರ್ತಿ ಓದಿ, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ನಾಲ್ಕು ಪುಟ ಪ್ರಿಂಟ್ ತೆಗೆಸಿ. ಪಾಠವನ್ನು ಬಡ್ಡಿಯಿಂದ ಶುರು ಮಾಡಿ, ಮೂರು ಮತ್ತು ಹನ್ನೊಂದರ ಪ್ರಶ್ನೆಯಿಂದ. ನಾಲ್ಕೇ ಮಕ್ಕಳು ಬಂದರೂ ನಡೆಸಿ, ಮುಂದಿನ ವಾರವೂ ಅದೇ ಹೊತ್ತಿಗೆ ಅಲ್ಲಿರಿ.